ಗಿಣಿ ಕಚ್ಚಿದ ಪೇರಲ

ಗಿಣಿ ಕಚ್ಚಿದ ಹಣ್ಣು ಸಿಹಿ ಎಂದು ಮೊದಲು ಹೇಳಿದವನು ಯಾರೋ ನನಗೆ ಗೊತ್ತಿಲ್ಲ, ಆದರೆ ಅವನ ಹಿತ್ತಲಲ್ಲಿ ಪೇರಲ ಮರ ಇರಲಿಲ್ಲ ಎಂಬುದನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಇದ್ದಿದ್ದರೆ, ಬೆಳಗ್ಗೆ ಎದ್ದು ಕಸ ಗುಡಿಸುವಾಗ ಮರದ ಬುಡದಲ್ಲಿ ಬಿದ್ದಿರುವ ಹಣ್ಣುಗಳನ್ನು ನೋಡಿ ಅವನಿಗೂ ನನ್ನ ಹಾಗೆಯೇ ಮೈ ಉರಿಯುತ್ತಿತ್ತು. ಅಳಿಲೂ ಹಣ್ಣು ತಿನ್ನುತ್ತದೆ, ಬಾವಲಿಯೂ ತಿನ್ನುತ್ತದೆ. ಅವೂ ಕಳ್ಳರೇ, ಆದರೆ ಕದ್ದದ್ದನ್ನು ಮರ್ಯಾದೆಯಿಂದ ತಿಂದು ಮುಗಿಸುವ ಕಳ್ಳರು. ಗಿಣಿ ಹಾಗಲ್ಲ. ಒಂದು ಹಣ್ಣಿಗೆ ಕೊಕ್ಕು ಹಾಕುತ್ತದೆ, ಎರಡು ಬಾಯಿ ತಿನ್ನುತ್ತದೆ, ಆಮೇಲೆ ಏನೋ ನೆನಪಾದ ಹಾಗೆ ಕತ್ತು ಓರೆ ಮಾಡಿ ಅದನ್ನು ಕೆಳಕ್ಕೆ ಕೆಡವಿ ಪಕ್ಕದ ಹಣ್ಣಿಗೆ ಹೋಗುತ್ತದೆ. ಮದುವೆ ಮನೆಯಲ್ಲಿ ಎಲೆ ತುಂಬ ಹಾಕಿಸಿಕೊಂಡು ಅರ್ಧಕ್ಕೇ ಏಳುವ ದೊಡ್ಡಸ್ತಿಕೆಯ ನೆಂಟರನ್ನು ನೀವು ನೋಡಿದ್ದೀರಲ್ಲ, ಅದೇ ಜಾತಿ.

ನನ್ನ ಸಿಟ್ಟಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರಿಗೆ ಗಾಬರಿಯಾದೀತು. ನಾನು ಹುಟ್ಟಿದ್ದು ಸೊರಬದ ಕಡೆ, ಚಂದ್ರಗುತ್ತಿಯ ಗುಡ್ಡ ಕಾಣುವ ಊರಲ್ಲಿ. ಕೊಟ್ಟದ್ದು ಶಿಕಾರಿಪುರದ ಕಡೆ, ಶಿರಾಳಕೊಪ್ಪದ ಸಂತೆಗೆ ನಡೆದು ಹೋಗಿ ಬರುವಷ್ಟು ದೂರದ ಊರಿಗೆ. ಶಾಲೆ ನಾಲ್ಕನೆಯ ತರಗತಿಗೇ ಮುಗಿಯಿತು. ಆದರೆ ಶ್ರಾವಣದಲ್ಲಿ ಊರ ಗುಡಿಯಲ್ಲಿ ಪುರಾಣ ಹಚ್ಚಿದಾಗ ಕಂಬಕ್ಕೆ ಒರಗಿ ಕೂತು ಕೇಳಿದ ದೊಡ್ಡ ದೊಡ್ಡ ಮಾತುಗಳು ತಲೆಯಲ್ಲಿ ಉಳಿದಿವೆ. ಅವನ್ನು ಒಗ್ಗರಣೆಗೆ ಇಂಗು ಹಾಕಿದ ಹಾಗೆ ಅಲ್ಲಲ್ಲಿ ಉದುರಿಸುತ್ತೇನೆ, ಘಾಟು ಹೆಚ್ಚಾದರೆ ಸಹಿಸಿಕೊಳ್ಳಿ. ಇನ್ನು ಸಿಟ್ಟು. ನನಗೆ ಸಂತೋಷ ಹೆಚ್ಚಾದರೆ ಸಿಟ್ಟು ಬರುತ್ತದೆ. ಮಗ ಹುಟ್ಟಿದಾಗ ಸೂಲಗಿತ್ತಿಗೆ ಬೈದೆ, ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯ ನರ್ಸಿಗೆ ಬೈದೆ. ಹಾಲು ಉಕ್ಕಿದಾಗ ಒಲೆ ಚುರ್ ಎನ್ನುವುದಿಲ್ಲವೇ, ಅದೇ ಲೆಕ್ಕ. ಉಕ್ಕುವುದು ಹಾಲೇ, ಆದರೆ ಕೇಳಿಸುವುದು ಒಲೆಯ ಸದ್ದು. ನಮ್ಮ ಯಜಮಾನರಿಗೆ ಈ ತತ್ತ್ವ ಅರ್ಥವಾಗಲು ಅರ್ಧ ಆಯುಷ್ಯ ಹಿಡಿಯಿತು.

ಗಿಣಿಗಳ ಮೇಲಿನ ಸಿಟ್ಟಿಗೆ ಮಾತ್ರ ಈ ವಿನಾಯಿತಿ ಇಲ್ಲ. ಅದು ಅಪ್ಪಟ ಸಿಟ್ಟು. ಮೆಕ್ಕೆಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ನಮ್ಮ ಹೊಲಕ್ಕೆ ಈ ಹಸಿರು ಸೈನ್ಯ ಇಳಿಯುತ್ತಿತ್ತು. ತೆನೆಯ ಸಿಪ್ಪೆಯನ್ನು ಸೀರೆಯ ನೆರಿಗೆ ಬಿಡಿಸಿದ ಹಾಗೆ ಬಿಡಿಸಿ, ತುದಿಯ ನಾಲ್ಕು ಕಾಳು ತಿಂದು, ಉಳಿದದ್ದನ್ನು ಮಳೆಗೆ ಕೊಳೆಯಲು ಬಿಟ್ಟು ಮುಂದಿನ ತೆನೆಗೆ ಹಾರುತ್ತಿದ್ದವು. ನಾನು ಅಟ್ಟಣಿಗೆಯ ಮೇಲೆ ನಿಂತು ಡಬ್ಬ ಬಡಿದು ಕೂಗುತ್ತಿದ್ದೆ. ಕೂಗುವುದರಲ್ಲೂ ನನ್ನ ತವರಿನ ಒಂದು ಪದ್ಧತಿ ಇತ್ತು. ಹಕ್ಕಿಗೆ ಏಕವಚನ ಹಾಕಬಾರದು, ಕಾಳಿಗೆ ಬಂದವರು ಯಾರೇ ಆದರೂ ನೆಂಟರೇ, ಓಡಿಸಬೇಕಾದರೂ ಮರ್ಯಾದೆಯಿಂದ ಓಡಿಸಬೇಕು ಎಂದು ನಮ್ಮ ಅವ್ವ ಕಲಿಸಿದ್ದಳು. ಹಾಗಾಗಿ ಅಕ್ಕಪಕ್ಕದ ಹೊಲದವರು ಹಕ್ಕಿಗಳ ಹುಟ್ಟನ್ನೇ ಬೈಯುವಾಗ ನಾನು ಮಾತ್ರ, "ಹೋಯ್, ತಿಂದಿದ್ದು ಸಾಕು, ಏಳ್ರಿ ಮ್ಯಾಲೆ" ಎಂದು ಕೂಗುತ್ತಿದ್ದೆ. ಬಹುವಚನಕ್ಕೆ ಗಿಣಿಗಳು ಎಳ್ಳಷ್ಟೂ ಬೆಲೆ ಕೊಡಲಿಲ್ಲ. ಆದರೂ ರೂಢಿ ಬಿಡಲಿಲ್ಲ. ಈಗಲೂ ಅಂಗಳದಲ್ಲಿ ಕಾಳು ಒಣಗಲು ಹಾಕಿ ಜಗುಲಿಯಲ್ಲಿ ಕೂತರೆ ನನ್ನ ಬಾಯಲ್ಲಿ ಅದೇ ಮಂತ್ರ.

ಇಂಥ ನನ್ನ ಮನೆಗೇ ಒಂದು ಗಿಣಿ ಬಂದು ಕೂತಿತೆಂದರೆ ನನ್ನ ಪ್ರಾರಬ್ಧವನ್ನು ನೀವೇ ಊಹಿಸಿ. ಹಿತ್ತಲಿನ ಒಣಗಿದ ತೆಂಗಿನ ಮರವನ್ನು ಕಡಿಸಿದಾಗ ಅದರ ಪೊಟರೆಯಿಂದ ಒಂದು ಮರಿ ಉರುಳಿತು. ಗರಿ ಇಲ್ಲ, ಕಣ್ಣು ಸರಿಯಾಗಿ ಬಿಟ್ಟಿಲ್ಲ, ಹೊಟ್ಟೆಯೊಂದೇ ದೊಡ್ಡದು. ನನ್ನ ಮೊಮ್ಮಗಳು ಸಿಂಚನಾ ಅದನ್ನು ಲಂಗದಲ್ಲಿ ಹಾಕಿಕೊಂಡು ಬಂದು, "ಅಜ್ಜಿ, ಇದಕ್ಕೆ ಅವ್ವ ಇಲ್ಲ" ಎಂದಳು. ನಾನು ಕೂಡಲೇ ಸಿಟ್ಟಾದೆ. ಅವ್ವ ಇಲ್ಲದಿದ್ದರೆ ನಾನೇನು ಮಾಡಲಿ, ನನ್ನ ಹೊಲ ತಿಂದವರ ಸಂತಾನ ಇದು, ಎಂದು ಬೈಯುತ್ತಲೇ ಬಾಳೆಹಣ್ಣು ಕಿವುಚಿದೆ, ಬೈಯುತ್ತಲೇ ಹತ್ತಿಯ ಬತ್ತಿಯಿಂದ ನೀರು ಬಿಟ್ಟೆ, ಬೈಯುತ್ತಲೇ ನನ್ನ ಹಳೆಯ ಸೀರೆಯ ಚೂರು ಹಾಸಿ ಬುಟ್ಟಿಯಲ್ಲಿ ಮಲಗಿಸಿದೆ. ಅದಕ್ಕೆ ನಾನಿಟ್ಟ ಹೆಸರು ಕಳ್ಳ. ಸಿಂಚನಾ ಏನೇನೋ ಚಂದದ ಹೆಸರು ಯೋಚಿಸಿದಳು, ಆದರೆ ಅದು ಕತ್ತು ಎತ್ತುತ್ತಿದ್ದದ್ದು ಕಳ್ಳ ಎಂದು ಕರೆದಾಗ ಮಾತ್ರ.

ಗಿಣಿ ಸಾಕುವುದರ ಸುಖವನ್ನು ಏನೆಂದು ವರ್ಣಿಸಲಿ. ಹೆಗಲ ಮೇಲೆ ಕೂತು ಬೆಂಡೋಲೆಯನ್ನು ಕಿವಿಸಮೇತ ಎಳೆಯುತ್ತದೆ. ಒಗ್ಗರಣೆಗೆ ಇಟ್ಟ ಹಸಿಮೆಣಸಿನಕಾಯಿಯನ್ನು ಕಾಲಲ್ಲಿ ಹಿಡಿದು, ಬೀಜವನ್ನಷ್ಟೇ ತಿಂದು, ಸಿಪ್ಪೆಯನ್ನು ಹಾಲಿನ ಪಾತ್ರೆಗೆ ಹಾಕುತ್ತದೆ. ಕನ್ನಡಕ ಹಾಕಿಕೊಂಡು ಪೇಪರ್ ಓದಲು ಕೂತರೆ ಪೇಪರಿನ ಅಂಚನ್ನು ಕತ್ತರಿಸುತ್ತ ಬಂದು ನಾನು ಓದುವ ಸಾಲಿಗೇ ಸರಿಯಾಗಿ ಮುಟ್ಟುತ್ತದೆ. ಊರಿಗೆ ನಲ್ಲಿ ನೀರು ಬಿಡುವ ನೀರುಗಂಟಿ ಓಣಿಯಲ್ಲಿ ಸೀಟಿ ಊದುತ್ತಾನಲ್ಲ, ಆ ಸೀಟಿಯನ್ನು ಇದು ಕಲಿಯಿತು. ಮಟಮಟ ಮಧ್ಯಾಹ್ನ ಸೀಟಿ ಕೇಳಿ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಲ್ಲಿಯ ಮುಂದೆ ಸಾಲು ನಿಂತರು, ಸಾಲಿನಲ್ಲಿ ಯಾರು ಮುಂದೆ ಎಂದು ಜಗಳವಾಯಿತು, ಆಮೇಲೆ ನೀರುಗಂಟಿಗೆ ಶಾಪ ಹಾಕಿದರು, ಕೊನೆಗೆ ನಮ್ಮ ಜಗುಲಿಯ ಕಡೆ ತಿರುಗಿದರು. ನಾನು ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಪಂಜರದ ಮೇಲೆ ಬಟ್ಟೆ ಹೊದಿಸುತ್ತ ನಮ್ಮ ಯಜಮಾನರು, "ಇದು ನಿನಗಿಂತ ಮೇಲು ಕಣೆ. ಬಟ್ಟೆ ಮುಚ್ಚಿದ್ರೆ ಸುಮ್ನಾಗ್ತೈತಿ" ಎಂದರು.

ಇಷ್ಟೆಲ್ಲ ಆದರೂ ಸಂಜೆ ಸಿಂಚನಾ ಶಾಲೆಯಿಂದ ಬರುವ ವ್ಯಾನಿನ ಸದ್ದು ತಿರುವಿನಲ್ಲಿ ಕೇಳುವ ಮೊದಲೇ ಇದು ಪಂಜರದೊಳಗೆ ಅಡ್ಡಡ್ಡ ಕುಣಿಯುತ್ತಿತ್ತು. ಅದು ಕುಣಿದರೆ ನಾನು ಒಲೆಗೆ ಹಾಲು ಇಡುತ್ತಿದ್ದೆ. ಅವಳು ಬಂದು ಚೀಲ ಬಿಸಾಕಿ ಪಂಜರದ ಬಾಗಿಲು ತೆಗೆದರೆ ಇಬ್ಬರೂ ಸೇರಿ ಮಾಡುವ ಗಲಾಟೆಯಲ್ಲಿ ನನ್ನ ಬೈಗುಳ ನನಗೇ ಕೇಳುತ್ತಿರಲಿಲ್ಲ. ಒಲೆಯ ಮುಂದೆ ಕೂತು ಒಬ್ಬಳೇ ನಗುತ್ತಿದ್ದೆ. ಯಾರಾದರೂ ನೋಡಿದರೆ ಹೊಗೆಗೆ ಬೈದಂತೆ ಮಾಡುತ್ತಿದ್ದೆ. ಪಕ್ಕದ ಮನೆಯವನು ಹಾರಿ ಹೋದೀತು ಎಂದು ರೆಕ್ಕೆ ಕತ್ತರಿಸಲು ಕತ್ತರಿ ಹಿಡಿದು ಬಂದಾಗ, ಮೊದಲು ನಿನ್ನ ಮೀಸೆ ಕತ್ತರಿಸು, ಆಮೇಲೆ ನೋಡೋಣ ಎಂದು ಅಟ್ಟಿದ್ದೆ. ನನ್ನ ಮಗ ಮಂಜ ಮಾತ್ರ ಆಗಾಗ ಹೇಳುತ್ತಿದ್ದ, "ಅವ್ವ, ಕಾಡುಗಿಣಿ ಸಾಕೋ ಹಂಗಿಲ್ಲ, ಕಾನೂನೈತಿ. ರೆಕ್ಕೆ ಬಲಿತ ಮ್ಯಾಲೆ ಬಿಟ್ಟುಬಿಡಬೇಕು." ನಾನು, "ಕಾನೂನು ಬಂದು ಬಾಳೆಹಣ್ಣು ಕಿವುಚಿತ್ತೇನು" ಎಂದು ಅವನ ಬಾಯಿ ಮುಚ್ಚಿಸುತ್ತಿದ್ದೆ. ಮೂರನೆಯ ವರ್ಷಕ್ಕೆ ಕಳ್ಳನ ಕೊರಳಿಗೆ ಕೆಂಪು ಪಟ್ಟಿ ಬಂತು. ಗಂಡು ಎಂದು ಗೊತ್ತಾಯಿತು. ಬಿಡುವ ಮಾತನ್ನು ನಾನು ಎತ್ತಲಿಲ್ಲ, ಯಾರಿಗೂ ಎತ್ತಗೊಡಲಿಲ್ಲ.

ಇನ್ನು ಒಂದು ಊಟದ ಕಥೆ. ನನ್ನ ಸೊಸೆ ರೇಖಾಳ ತವರು ಸೊರಬದ ಕಡೆ, ಗುಡವಿಯ ಹತ್ತಿರ. ಅವಳ ತಂದೆ ಗುತ್ಯಪ್ಪನವರು, ಅಂದರೆ ನಮ್ಮ ಬೀಗರು, ಮಾತು ಕಡಿಮೆ, ಮಾನ ಜಾಸ್ತಿ. ಸಿಂಚನಾಳ ನಾಮಕರಣದ ದಿನ ಜನ ಹೆಚ್ಚಾಗಿ, ಗಡಿಬಿಡಿಯಲ್ಲಿ ಅವರನ್ನು ಮೊದಲ ಪಂಕ್ತಿಗೆ ಕರೆಯುವುದನ್ನು ನಮ್ಮವರು ಮರೆತರು. ಅವರು ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನೂ ಆಡಿ ಮುಗಿಸುತ್ತಿದ್ದೆ. ಅಂದಿನಿಂದ ಅವರು ನಮ್ಮ ಮನೆಗೆ ಬಂದರೆ ಜಗುಲಿಯಲ್ಲಿ ಕೂತು, ಒಂದು ಲೋಟ ನೀರು ಕುಡಿದು, ಮೊಮ್ಮಗಳ ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು ಬಸ್ಸು ಹತ್ತುತ್ತಿದ್ದರು. ನಮ್ಮ ಮನೆಯ ಎಲೆಗೆ ಕೈ ಹಾಕುತ್ತಿರಲಿಲ್ಲ. ಅಪ್ಪ ಬಂದು ಹೋದ ದಿನ ರೇಖಾ ಊಟಕ್ಕೆ ಕೂರುತ್ತಿರಲಿಲ್ಲ. ಅವಳ ಪಾಲಿನ ಅನ್ನ ಮುಚ್ಚಿಡುತ್ತ ನಾನು ಪಾತ್ರೆಗಳಿಗೆ ಬೈಯುತ್ತಿದ್ದೆ.

ಈ ಸಲ ಸಿಂಚನಾ ತನ್ನ ಹುಟ್ಟುಹಬ್ಬಕ್ಕೆ ಫೋನಿನಲ್ಲಿ, "ತಾತ, ನೀ ಉಂಡ್ರೆ ಮಾತ್ರ ನಾ ಉಣ್ತೀನಿ" ಎಂದು ಹಟ ಹಿಡಿದದ್ದಕ್ಕೆ ಗುತ್ಯಪ್ಪನವರು ಒಪ್ಪಿದರು. ಮನೆಯಲ್ಲಿ ಎರಡು ದಿನ ಹಬ್ಬದ ಕೆಲಸ. ನನಗೋ ನೆಗಡಿಯಾಗಿ ಮೂಗು ಕಟ್ಟಿ, ದನಿ ಒಡೆದ ಕಹಳೆಯಂತಾಗಿತ್ತು. ಆದರೂ ಹೋಳಿಗೆ ನಾನೇ ತಟ್ಟಿದೆ. ಬೀಗರನ್ನು ಪಡಸಾಲೆಯಲ್ಲಿ ಮೊದಲ ಪಂಕ್ತಿಯ ಮೊದಲ ಎಲೆಗೆ ಕೂರಿಸಿದೆವು. ಬೆನ್ನ ಹಿಂದೆ ಅಡುಗೆಮನೆಯ ಬಾಗಿಲು, ಬಾಗಿಲ ಒಳಗೆ, ನೆಂಟರು ಬರುತ್ತಾರೆಂದು ಅವತ್ತು ಜಗುಲಿಯಿಂದ ತಂದು ತೊಲೆಗೆ ತೂಗುಹಾಕಿದ್ದ ಕಳ್ಳನ ಪಂಜರ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಒಂದು ತುತ್ತು ಬಾಯಿಗಿಟ್ಟರು. ರೇಖಾ ಬಾಗಿಲ ಸಂದಿಯಿಂದ ಅದನ್ನು ನೋಡಿ ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ನಮ್ಮಿಬ್ಬರ ತಲೆಯ ಮೇಲಿಂದ, ನೆಗಡಿಯಾದ ನನ್ನದೇ ದನಿಯಲ್ಲಿ, ಸ್ಪಷ್ಟವಾಗಿ ಬಂತು: "ಹೋಯ್, ತಿಂದಿದ್ದು ಸಾಕು, ಏಳ್ರಿ ಮ್ಯಾಲೆ."

ನೀವು ನಂಬುತ್ತೀರೋ ಇಲ್ಲವೋ, ಅಲ್ಲಿಯವರೆಗೆ ಅದು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಅಂಗಳದ ಕಾಳಿಗೆ ಬಂದ ಅದರ ಬಳಗವನ್ನು ನಾನು ಓಡಿಸುವಾಗಲೆಲ್ಲ ಜಗುಲಿಯ ಪಂಜರದಲ್ಲಿ ಕೂತು ಕೇಳಿಸಿಕೊಂಡು, ಯಾರಾದರೂ ತಿನ್ನಲು ಶುರು ಮಾಡಿದರೆ ಹೇಳಬೇಕಾದ ಮಾತು ಇದು ಎಂದು ತನ್ನ ಪುಟ್ಟ ಬುದ್ಧಿಗೆ ತೋಚಿದಂತೆ ತಿಳಿದುಕೊಂಡು, ಬೀಗರಿಗಾಗಿಯೇ ಕಾಯ್ದಿಟ್ಟಿತ್ತು. ಗುತ್ಯಪ್ಪನವರು ತಿರುಗಿಯೂ ನೋಡಲಿಲ್ಲ. ಎಲೆ ಮಡಚಿದರು. ನಮ್ಮ ಸೀಮೆಯಲ್ಲಿ ಉಣ್ಣುವವರನ್ನು ಎಬ್ಬಿಸುವುದೆಂದರೆ ಹೊಡೆಯುವುದಕ್ಕಿಂತ ಹೆಚ್ಚು. "ನಡಿಯೇ, ಬಸ್ಸಿನ ಹೊತ್ತಾತು" ಎಂದು ಹೆಂಡತಿಗೆ ಹೇಳಿ, ಕೈ ತೊಳೆದು ಹೊರಟೇಬಿಟ್ಟರು. ಗಿಣಿ ರೀ ಅದು, ಗಿಣಿ, ಎಂದು ನಾನು ಬಾಗಿಲವರೆಗೆ ಓಡಿದೆ. ನನ್ನ ಬಾಯಿಂದ ಬಂದದ್ದು ಅದೇ ಒಡೆದ ದನಿ. ಅವರು ತಲೆಯಾಡಿಸಿ, "ಇರ್ಲಿ ಬಿಡಿ ಅಕ್ಕಯ್ಯ. ನಂಗೆ ಕಿವಿ ಚೆನ್ನಾಗೈತೆ" ಎಂದರು.

ರೇಖಾ ಅಳಲಿಲ್ಲ. ಎಲೆಗಳನ್ನು ಎತ್ತುತ್ತ, "ಅತ್ತೆ, ನಮ್ಮಪ್ಪ ಇನ್ನು ಈ ಮನೆಗೆ ಬರಾದಿಲ್ಲ. ನೀವು ಹಕ್ಕಿ ಇಟ್ಕಳಿ" ಎಂದಳು. ಇಷ್ಟು ವರ್ಷದಲ್ಲಿ ಅವಳು ನನಗೆ ಎದುರಾಡಿದ್ದು ಅದೊಂದೇ ಮಾತು. ಸಿಂಚನಾ ಹೋಳಿಗೆ ಮುಟ್ಟಲಿಲ್ಲ. ಕಳ್ಳ ಮಾತ್ರ ಪಂಜರದಲ್ಲಿ ಒಂದು ಚೂರು ಹೋಳಿಗೆಯನ್ನು ಕಾಲಲ್ಲಿ ಹಿಡಿದು, ಅರ್ಧ ತಿಂದು, ಅರ್ಧ ಕೆಡವಿತು.

ನಾಲ್ಕು ದಿನ ಮನೆಯಲ್ಲಿ ಯಾರ ಮೇಲೂ ಸಿಟ್ಟು ಮಾಡಲಾಗದೆ ಒದ್ದಾಡಿದೆ. ಐದನೆಯ ದಿನ ಪಂಜರ ಎತ್ತಿಕೊಂಡೆ, ರಜೆಯಲ್ಲಿದ್ದ ಸಿಂಚನಾಳ ಕೈ ಹಿಡಿದೆ, ಶಿರಾಳಕೊಪ್ಪಕ್ಕೆ ಬಂದು ಸೊರಬದ ಬಸ್ಸು ಹತ್ತಿದೆ. ಸಾಕ್ಷಿಯನ್ನೇ ಕಟಕಟೆಗೆ ಹಾಜರುಪಡಿಸುವುದು ನನ್ನ ಯೋಜನೆ. ಕಂಡಕ್ಟರ್ ಬಂದು ಪಂಜರವನ್ನು ದಿಟ್ಟಿಸಿದ.

"ಅಜ್ಜಿ, ನಿಮ್ಗೆ ಫ್ರೀ. ಈ ಪಾಪುಗೂ ಫ್ರೀ. ಇವ್ರು ಯಾರು?"

"ಗಿಣಿ ಕಣಪ್ಪ, ಕಾಣಲ್ವ?"

"ಕಾಣ್ತೈತಿ. ಹೆಣ್ಣಾದ್ರೆ ಫ್ರೀ. ಕೊಳ್ಳಾಗ ಕೆಂಪು ಪಟ್ಟಿ ಐತಲ್ಲ, ಗಂಡು. ಟಿಕೆಟ್ ತಗೋಬೇಕು."

"ಶಾಲಿಗೆ ಸೇರಿಸದ ಮಕ್ಳಿಗೆ ಟಿಕೆಟ್ ಉಂಟೇನೋ? ಇದಿನ್ನೂ ಅಂಗನವಾಡಿಗೂ ಹೋಗಿಲ್ಲ."

ಬಸ್ಸಿನವರೆಲ್ಲ ನಕ್ಕರು. ಅವನೂ ನಕ್ಕು ಮುಂದಕ್ಕೆ ಹೋದ. ನಾನು ನಗಲಿಲ್ಲ, ನನ್ನ ಮರ್ಯಾದೆ ತೊಡೆಯ ಮೇಲೆ ಕೂತು ಕಡಲೆ ಸುಲಿಯುತ್ತಿತ್ತು.

ಬೀಗರ ಮನೆಯ ಪಡಸಾಲೆಯಲ್ಲಿ ಪಂಜರ ಇಟ್ಟು, ಕೇಳಿ ಇದರ ದನಿ, ಎಂದೆ. ಈ ಪಕ್ಷಿಕುಲತಿಲಕ ಗರಿ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ತಪಸ್ಸಿಗೆ ಕೂತ ಋಷಿಯಂತೆ ಕೂತುಬಿಟ್ಟಿತು. ಪುಸಲಾಯಿಸಿದೆ, ಗದರಿಸಿದೆ. ಕೊನೆಗೆ ದಾರಿ ಕಾಣದೆ ನಾನೇ ಹೊಲದಲ್ಲಿ ನಿಂತವಳಂತೆ, "ಹೋಯ್, ತಿಂದಿದ್ದು ಸಾಕು, ಏಳ್ರಿ ಮ್ಯಾಲೆ" ಎಂದು ಕೂಗಿ ತೋರಿಸಿದೆ. ಅದು ಬಾಯಿ ಬಿಡಲಿಲ್ಲ. ಇನ್ನೂ ಎರಡು ಸಲ ಕೂಗಿದೆ. ಓಣಿಯವರು ಬಾಗಿಲಿಗೆ ಬಂದು ಇಣುಕಿದರು. ಗುತ್ಯಪ್ಪನವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಸಾಕು ಬಿಡಿ ಅಕ್ಕಯ್ಯ. ಅಲ್ಲಿ ಒಂದ್ಸಲ ಎಬ್ಸಿದ್ರಿ. ಇಲ್ಲಿ ನನ್ ಮನೇಲೇ ಮೂರು ಸಲ ಎಬ್ಸಿದ್ರಿ" ಎಂದರು.

ನೆಲ ಬಿರಿಯಬಾರದೇ ಎನಿಸಿತು. ಪಂಜರ ಎತ್ತಿಕೊಂಡು ಹೊರಡಬೇಕೆಂದಿದ್ದೆ, ಆದರೆ ಬೀಗಿತ್ತಿ ಬಿಡಲಿಲ್ಲ. ಜಗಳ ಏನೇ ಇರಲಿ, ಮಧ್ಯಾಹ್ನ ಹೊಸಿಲು ತುಳಿದವರು ಉಣ್ಣದೆ ಹೋಗುವ ಪದ್ಧತಿ ತಮ್ಮ ಮನೆಯಲ್ಲಿಲ್ಲ ಎಂದು ಎಲೆ ಹಾಕಿಯೇಬಿಟ್ಟರು. ಆ ಮಾತು ನನಗೂ ಚುಚ್ಚಿತು, ಅವರ ಗಂಡನಿಗೂ ಚುಚ್ಚಿತು. ಕೂತೆ. ಹಸಿವಿತ್ತು, ಸುಳ್ಳು ಯಾಕೆ. ಅನ್ನ ಕಲಸಿ ಮೊದಲ ತುತ್ತು ಬಾಯಿಗಿಟ್ಟೆ.

"ಹೋಯ್, ತಿಂದಿದ್ದು ಸಾಕು, ಏಳ್ರಿ ಮ್ಯಾಲೆ."

ತುತ್ತು ಬಾಯಲ್ಲೇ ನಿಂತಿತು. ಇಷ್ಟು ವರ್ಷ ನಾನು ಕೂಗಿದ ಮಾತು ನನ್ನ ಬಾಯಲ್ಲಿ ಅನ್ನ ಇರುವಾಗ ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಎಂಥ ಕೆಟ್ಟ ಮಾತು ಅದು. ರೀ ಹಚ್ಚಿದರೂ ಕೆಟ್ಟದ್ದೇ, ಹಚ್ಚಿದ್ದರಿಂದ ಇನ್ನೂ ಕೆಟ್ಟದ್ದಾಗಿತ್ತೋ ಏನೋ. ನಾನು ಏಳಲೂ ಆಗದೆ ನುಂಗಲೂ ಆಗದೆ ಕೂತಿರುವಾಗ ಅದು ಮತ್ತೊಮ್ಮೆ ಕೂಗಿತು. ಆಗ ಗುತ್ಯಪ್ಪನವರ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಬೀಗರು ನಗುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲವಾದ್ದರಿಂದ ಮೊದಲು ಕೆಮ್ಮು ಎಂದುಕೊಂಡೆ. ಅವರು ಕಣ್ಣು ಒರೆಸಿಕೊಂಡು, "ನಂಗೂ ಒಂದು ಎಲೆ ಹಾಕೇ" ಎಂದು ಹೆಂಡತಿಗೆ ಹೇಳಿ ನನ್ನೆದುರು ಬಂದು ಕೂತರು. ಅವರು ತುತ್ತು ಎತ್ತಿದರು, ಕಳ್ಳ ಅವರಿಗೂ ಏಳ್ರಿ ಎಂದಿತು. ಸಿಂಚನಾ ಕೂತಳು, ಅವಳಿಗೂ ಏಳ್ರಿ ಎಂದಿತು.

"ಅಕ್ಕಯ್ಯ, ನೀವು ಏಳ್ಬ್ಯಾಡಿ, ಇನ್ನೊಂಚೂರು ಹಾಕಿಸ್ಕಳಿ" ಎಂದರು ಗುತ್ಯಪ್ಪನವರು. "ನಿಮ್ಮನೇಲಿ ಪಂಕ್ತಿಭೇದ ಇಲ್ದಿರೋದು ಈ ಹಕ್ಕಿಗೆ ಒಂದಕ್ಕೇ."

ಇದು ಹೊಗಳಿಕೆಯೋ ಚುಚ್ಚುಮಾತೋ ಎಂದು ಯೋಚಿಸುತ್ತ ಎರಡು ಸಲ ಅನ್ನ ಹಾಕಿಸಿಕೊಂಡೆ. ಅಲ್ಲಿಂದಲೇ ಸಿಂಚನಾ ಅವಳವ್ವನಿಗೆ ಫೋನು ಮಾಡಿದಳು. ಗುತ್ಯಪ್ಪನವರು ಫೋನು ಇಸಿದುಕೊಂಡು, "ಮಗಾ, ಹೋಳಿಗೆ ಉಳಿದೈತೇನೇ?" ಎಂದಷ್ಟೇ ಕೇಳಿದರು.

ಬಿಸಿಲು ಇಳಿದ ಮೇಲೆ ಬೀಗರು ನಮ್ಮನ್ನು ಗುಡವಿಯ ಕೆರೆ ತೋರಿಸಲು ಕರೆದುಕೊಂಡು ಹೋದರು. ನೀರಿನೊಳಗಿನ ಮರಗಳ ಮೇಲೆ ಬೆಳ್ಳಗೆ, ಕರ್ರಗೆ ಹಕ್ಕಿಗಳು. ಮರಕ್ಕೆ ಎಲೆ ಕಡಿಮೆ, ಹಕ್ಕಿ ಜಾಸ್ತಿ. ಸಿಂಚನಾ ಬಹಳ ಹೊತ್ತು ನೋಡಿ, "ಅಜ್ಜಿ, ಇವಕ್ಕೆಲ್ಲ ಊಟ ಯಾರು ಹಾಕ್ತಾರೆ?" ಎಂದಳು. ಯಾರೂ ಹಾಕಲ್ಲ, ಅವೇ ದುಡಿದು ತಿಂತಾವೆ ಎಂದೆ. "ಮತ್ತೆ ಏಳ್ರಿ ಅಂತ ಯಾರು ಹೇಳ್ತಾರೆ?" ಎಂದಳು. ಬಸ್ಸಿನ ಹೊತ್ತಾಯಿತು ನಡಿ ಎಂದೆ. ಬಸ್ಸಿನಲ್ಲಿ ಅವಳು ಪಂಜರವನ್ನು ತನ್ನ ತೊಡೆಯ ಮೇಲೇ ಇಟ್ಟುಕೊಂಡಳು.

ಮರುದಿನ ಬೆಳಗ್ಗೆ ನಾನು ಕಸ ಗುಡಿಸುವಾಗ ಪಂಜರ ಪೇರಲ ಮರದ ಕೊಂಬೆಯಲ್ಲಿ ತೂಗುತ್ತಿತ್ತು, ಬಾಗಿಲು ತೆರೆದಿತ್ತು, ಸಿಂಚನಾ ಕೆಳಗೆ ಕೈ ಕಟ್ಟಿ ನಿಂತಿದ್ದಳು. ಯಾರನ್ನು ಕೇಳಿ ತೆಗೆದೆ ಎಂದು ಅವಳ ಮೇಲೆ ಕೂಗಾಡಿದೆ. ಅವಳನ್ನು ಹೀಗೆ ಬೆಳೆಸಿದ್ದಕ್ಕೆ ಮಂಜನ ಮೇಲೆ ಕೂಗಾಡಿದೆ. ಅವಳು ಅಳುತ್ತಿರಲಿಲ್ಲವೆಂದು ನನಗೆ ಇನ್ನಷ್ಟು ಸಿಟ್ಟು ಬಂತು, ಯಾಕೆಂದರೆ ಅಳುತ್ತಿದ್ದವಳು ನಾನು. ಕಳ್ಳ ಹೊರಗೆ ಬಂದು, ಪಂಜರದ ನೆತ್ತಿಯ ಮೇಲೆ ಕೂತು, ನಮ್ಮೆಲ್ಲರನ್ನೂ ಓರೆಗಣ್ಣಲ್ಲಿ ನೋಡಿ, ಮೇಲಿನ ಕೊಂಬೆಗೆ ಹೋಯಿತು. ಕೆಲವು ದಿನ ಸಂಜೆ ಮರಳಿ ಬಂದು ಪಂಜರದಲ್ಲೇ ಮಲಗಿತು. ಆಮೇಲೆ ಮೆಕ್ಕೆಜೋಳ ಹಾಲುಗಾಳು ಕಟ್ಟಿತು, ಹಸಿರು ಸೈನ್ಯ ಬಂತು, ಅದು ಸೈನ್ಯಕ್ಕೆ ಸೇರಿತು. ಪಂಜರವನ್ನು ಅಟ್ಟಕ್ಕೆ ಎಸೆದೆ. ಮನೆ ಎಷ್ಟು ಸದ್ದಿಲ್ಲದೆ ಇತ್ತೆಂದರೆ ಓಣಿಯ ಹೆಂಗಸರು ಬಂದು, ಆರೋಗ್ಯ ಹೆಂಗೈತಿ ಎಂದು ನನ್ನನ್ನು ವಿಚಾರಿಸಿದರು.

ಗುತ್ಯಪ್ಪನವರು ಮೊನ್ನೆ ಬಂದಿದ್ದರು. ಪಡಸಾಲೆಯಲ್ಲಿ ಮೊದಲ ಎಲೆಗೆ ಕೂತು, ತೊಲೆಯ ಕಡೆ ನೋಡಿ, "ಏಳ್ರಿ ಅನ್ನೋರೇ ಇಲ್ವಲ್ಲ, ಉಣ್ಣಕೆ ಬೇಜಾರು" ಎಂದರು. ರೇಖಾ ನಗುತ್ತ ಅವರಿಗೆ ಇನ್ನೊಂದು ಹೋಳಿಗೆ ಹಾಕಿದಳು, ಆಮೇಲೆ ತಾನೂ ಅವರ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತಳು. ನಾನು ಒಳಗೆ ಹೋಗಿ ಒಲೆಯ ಹೊಗೆಗೆ ಬೈದೆ. ಈಗ ನಮ್ಮದು ಗ್ಯಾಸಿನ ಒಲೆ, ಹೊಗೆ ಬರುವುದಿಲ್ಲ.

ಇವತ್ತು ಬೆಳಗ್ಗೆ ಕಸ ಗುಡಿಸಿ ಮುಗಿಸಿ, ಮರದ ಕೆಳಗಿನ ಕಲ್ಲಿನ ಮೇಲೆ ಕೂತು, ಬಟ್ಟಲಿನಿಂದ ಅವಲಕ್ಕಿ ತಿನ್ನುತ್ತಿದ್ದೆ. ಮೇಲಿನಿಂದ ಒಂದು ಪೇರಲ ಹಣ್ಣು ನನ್ನ ಕಾಲ ಬಳಿ ಬಿತ್ತು. ಎರಡು ಬಾಯಿ ಕಚ್ಚಿದ್ದು, ಉಳಿದದ್ದು ಹಾಗೇ ಇದ್ದದ್ದು. ತಲೆ ಎತ್ತಿದೆ. ಎಲೆಗಳೆಲ್ಲ ಹಸಿರು, ಅವುಗಳೂ ಹಸಿರು, ಯಾವುದು ಯಾವುದೆಂದು ನನ್ನ ಕಣ್ಣಿಗೆ ತಿಳಿಯಲಿಲ್ಲ. ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಎಲೆಗಳ ನಡುವಿನಿಂದ, ನೆಗಡಿಯಾದ ನನ್ನದೇ ದನಿ, ಪೂರ್ತಿ ಬಹುವಚನದಲ್ಲಿ, ನನ್ನನ್ನು ಏಳಲು ಹೇಳಿತು.

ಹಣ್ಣನ್ನು ಸೆರಗಿಗೆ ಒರೆಸಿದೆ. ಕಚ್ಚಿದ ಭಾಗವನ್ನು ಚಿವುಟಿ ತೆಗೆದು ಉಳಿದದ್ದನ್ನು ಕಚ್ಚಿದೆ. ಸಿಹಿಯಾಗಿಯೇ ಇತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು. ಅದು ಮೇಲಿನಿಂದ ಕೂಗುತ್ತಲೇ ಇತ್ತು. ನಾನು ಏಳಲಿಲ್ಲ, ಪೂರ್ತಿ ತಿಂದೇ ಎದ್ದೆ.